ಡಾಕ್ಟರಿಗೆ ಹೇಳಿದ್ದೀಯಾ?

ನೀರ್ಚಾಲು

ಪ್ರೀತಿಯ ವಿದ್ಯಾ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಕಾಗದ ಓದಿ ಸಂತೋಷವಾಯಿತು. ಹೊಸ ಮನೆ, ಆಫೀಸಿನ ವಿಷಯಕ್ಕೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಅದು ತಲೆಯಿಂದ ಹೋಗುತ್ತಿಲ್ಲ. ತೂಕ ಇಳಿಸಲು ಕ್ಯಾಪ್ಸೂಲ್ ತಗೊಳ್ತಿದ್ದೇನೆ, ಗಿಡಮೂಲಿಕೆ ತಾನೇ, ಡಾಕ್ಟರಿಗೆ ಹೇಳುವಂಥದ್ದೇನಿಲ್ಲ ಅಂತ. ಥೈರಾಯ್ಡ್ ಮಾತ್ರೆ ಕೊಡುವ ಡಾಕ್ಟರಿಗೇ ಹೇಳಿಲ್ಲವಾ ಮಾರಾಯ್ತಿ?

ನೀನು ಕಳಿಸಿದ ಲೇಬಲ್ಲಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಕುಡಂಪುಳಿ ಸಾರ, ಅಶ್ವಗಂಧ, ಕರಿಮೆಣಸಿನ ಸಾರ. ಯಾವುದೂ ನಮಗೆ ಗುರುತಿಲ್ಲದ್ದಲ್ಲ. ಕುಡಂಪುಳಿ ನಮ್ಮ ಪುನರ್ಪುಳಿಯ ಜಾತಿಯದ್ದೇ. ಆಚೆಮನೆಯವರು ಹೊಗೆಗೆ ಒಣಗಿಸಿ ಭರಣಿಯಲ್ಲಿ ಇಡುತ್ತಾರೆ, ಕಪ್ಪಗೆ ಚರ್ಮದ ಚೂರಿನ ಹಾಗೆ ಇರುತ್ತದೆ. ಎರಡು ತುಂಡು ನೆನೆಸಿದರೆ ಒಂದು ಪಾತ್ರೆ ಮೀನುಸಾರಿಗೆ ಸಾಕು. ಆದರೆ ಅದರ ಹುಳಿಯನ್ನು ತೆಗೆದು, ಗಟ್ಟಿ ಮಾಡಿ, ತಿಂಗಳುಗಟ್ಟಲೆ ದಿನಕ್ಕೆರಡು ಸಲ ನುಂಗಿದವರು ನಮ್ಮಲ್ಲಿ ಯಾರಿದ್ದಾರೆ? ಅಮೆರಿಕದಲ್ಲಿ ಹೈಡ್ರಾಕ್ಸಿಕಟ್ ಅಂತ ತೂಕ ಇಳಿಸುವ ಮಾತ್ರೆ ಇತ್ತು. ಅದರ ಕೆಲವು ಬಗೆಗಳಲ್ಲಿ ಈ ಕುಡಂಪುಳಿ ಸಾರವೂ ಇತ್ತು. 2009ರಲ್ಲಿ ಅಲ್ಲಿನ ಆಹಾರ-ಔಷಧಿ ಇಲಾಖೆ ಎಫ್‌ಡಿಎ ಅದನ್ನು ತೆಗೆದುಕೊಳ್ಳುವುದನ್ನು ತಕ್ಷಣ ನಿಲ್ಲಿಸಿ ಎಂದು ಜನರಿಗೆ ಹೇಳಿತು. ಕಾಮಾಲೆಯಿಂದ ಹಿಡಿದು ಲಿವರ್ ಕೆಡುವವರೆಗೆ 23 ವರದಿ ಬಂದಿತ್ತು, ಒಬ್ಬರು ತೀರಿಕೊಂಡಿದ್ದರು. ಅದರಲ್ಲಿದ್ದ ಯಾವ ವಸ್ತು ಹೀಗೆ ಮಾಡಿತು ಎಂದು ಆಗ ಬೆರಳಿಟ್ಟು ತೋರಿಸಲು ಅವರಿಗೂ ಆಗಲಿಲ್ಲ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ ಮಗಾ. ತೆಗೆದುಕೊಂಡವರಿಗೆಲ್ಲ ಹಾಗಾಗುವುದಿಲ್ಲ. ಯಾರಿಗೆ ಆಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ ಅಲ್ವಾ, ಅದಕ್ಕೆ ಡಾಕ್ಟರಿಗೆ ತಿಳಿದಿರಬೇಕು ಅನ್ನುವುದು.

ನಿನ್ನ ಅಜ್ಜನ ಮಂಡಿನೋವಿನ ಕತೆ ಗೊತ್ತಲ್ಲ, ಪೂರ್ತಿ ಹೇಳುವುದಿಲ್ಲ. ಜಾತ್ರೆಯಲ್ಲಿ ಒಬ್ಬ ಬೂದು ಬಣ್ಣದ ಪುಡಿ ಮಾರುತ್ತಿದ್ದ. ಪೇಪರಿನಲ್ಲಿ ಮಡಚಿದ ಸಣ್ಣ ಸಣ್ಣ ಪೊಟ್ಟಣ, ಕಾಡಿನ ಬೇರು ಅಂತ ಹೇಳಿದ್ದ. ನಾಲ್ಕು ದಿನದಲ್ಲಿ ಅಪ್ಪ ತೋಟಕ್ಕೆ ಇಳಿದರು. ಮುಖ ಗುಂಡಗಾಯಿತು. ಮೈ ಹಿಡಿಯಿತು ಅಂತ ಮನೆಯವರೆಲ್ಲ ಖುಷಿಪಟ್ಟೆವು. ಮುಂಗೈಯಲ್ಲಿ ಎಲ್ಲೆಂದರಲ್ಲಿ ನೀಲಿ ಕಲೆ. ಅಡಿಕೆ ಸೋಗೆ ತಾಗಿರಬೇಕು ಎಂದುಕೊಂಡೆವು. ಮಂಗಳೂರಿನ ಡಾಕ್ಟರು 'ಬೇರೆ ಮದ್ದು ಏನಾದರೂ ತಗೊಳ್ತೀರಾ?' ಎಂದು ಕೇಳಿದಾಗ ಅಪ್ಪ ಇಲ್ಲ ಎಂದರು. ಅವರ ಲೆಕ್ಕದಲ್ಲಿ ಅದು ಮದ್ದೇ ಅಲ್ಲ, ಬೇರು. ಅಮ್ಮ ಪಕ್ಕದಲ್ಲೇ ಇದ್ದರು. ಅಪ್ಪ ಮಾತಾಡುವಾಗ ಬಾಯಿ ಹಾಕುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಆಮೇಲೆ ಪುಡಿ ಮುಗಿದು, ತೆಗೆದುಕೊಳ್ಳುವುದು ಒಮ್ಮೆಲೇ ನಿಂತು, ಅಪ್ಪ ಅಂಗಳದಲ್ಲಿ ಕುಸಿದು ಬಿದ್ದದ್ದು ನಿನಗೆ ಗೊತ್ತಿದೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಿರಬೇಕು, ಹಠಾತ್ತಾಗಿ ಬಿಟ್ಟದ್ದಕ್ಕೆ ಹೀಗಾಯಿತು ಎಂದರು ಡಾಕ್ಟರು. ಅಮ್ಮ ಆ ಒಂದು ಮಾತು ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ. ಪಾಪ, ಅಮ್ಮನಿಗೂ ಕೊನೆಯವರೆಗೆ ಅದೇ ಕೊರಗಿತ್ತು.

ಅದಕ್ಕೇ ನಿನ್ನ ಆ ಸಾಲು ನನಗೆ ಹಾಗೆ ತಾಗಿತು.

ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ನೀನು ಹೇಳದೆ ರಕ್ತ ಕೊಟ್ಟರೆ, ಮಾತ್ರೆ ಜಾಸ್ತಿಯಾಗಿದೆ ಅಂತ ಡಾಕ್ಟರು ಡೋಸ್ ಇಳಿಸುತ್ತಾರೆ. ನೀನು ಕ್ಯಾಪ್ಸೂಲ್ ಬಿಟ್ಟ ಮೇಲೆ ಆ ಡೋಸ್ ಸಾಲುವುದಿಲ್ಲ. ಅವರದ್ದೇನು ತಪ್ಪು, ಹೇಳು? ಡೆನ್ಮಾರ್ಕಿನಲ್ಲಿ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿದರು. ನಮ್ಮ ವೈದ್ಯರು ತಲೆಮಾರಿನಿಂದ ಕೊಡುತ್ತಾ ಬಂದ ಬೇರು ಅದು, ಅಷ್ಟು ಬೇಕಿತ್ತಾ ಎಂದು ನನಗೂ ಅನಿಸುತ್ತದೆ. ಆದರೆ ವೈದ್ಯರು ನಾಡಿ ಹಿಡಿದು, ಪಥ್ಯ ಹೇಳಿ, ಇಷ್ಟು ದಿನ ಮಾತ್ರ ಎಂದು ಕೊಡುತ್ತಿದ್ದರು.

ಕರಿಮೆಣಸು ಯಾಕೆ ಹಾಕಿದ್ದಾರೆ ಗೊತ್ತಾ? 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ತೋರಿಸಿದ್ದು, ಮೆಣಸಿನ ಪೈಪರಿನ್ ಜೊತೆಗಿದ್ದರೆ ಅರಸಿನದ ಸತ್ವ ಮೈಗೆ ಹಿಡಿಯುವುದು ಸುಮಾರು 20 ಪಟ್ಟು ಹೆಚ್ಚುತ್ತದೆ ಎಂದು. ಬೇರೆ ಕೆಲವು ಮಾತ್ರೆಗಳನ್ನೂ ಅದು ಹಾಗೆಯೇ ಜಾಸ್ತಿ ಹಿಡಿಸುತ್ತದೆ. ಸಾರಿಗೆ ಹಾಕುವ ನಾಲ್ಕು ಕಾಳಿನ ಬಗ್ಗೆ ಹೇಳುತ್ತಿಲ್ಲ, ಅದನ್ನು ಬಿಡಬೇಡ.

ದೊಡ್ಡಮ್ಮ ಡಾಕ್ಟರಳಲ್ಲ, ಶಾಲೆಯಲ್ಲಿ ಪಾಠ ಮಾಡಿದವಳು. ಹಾಗಾಗಿ ಬಿಡು ಎನ್ನಲು ನಾನ್ಯಾರು ಎಂದು ಒಂದು ಮನಸ್ಸು. ಆದರೂ ಡಾಕ್ಟರನ್ನು ಕೇಳುವವರೆಗೆ ನಿಲ್ಲಿಸಬಹುದಲ್ವಾ? ಮೂತ್ರ ಕಡು ಹಳದಿಯಾದರೆ, ಕಣ್ಣು ಹಳದಿ ಕಂಡರೆ, ಮೈ ತುರಿಸಿದರೆ, ಊಟ ಸೇರದಿದ್ದರೆ ಮಾತ್ರ ಕಾಯಬೇಡ, ಅವತ್ತೇ ಹೋಗಿ ಲಿವರ್ ಟೆಸ್ಟ್ ಮಾಡಿಸು. ಮಗುವಿನ ಯೋಚನೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳು, ನನಗೆ ಹೇಳದಿದ್ದರೂ ಪರವಾಗಿಲ್ಲ. ಥೈರಾಯ್ಡ್ ಮಾತ್ರೆಯನ್ನು ನೀನಾಗಿ ತಪ್ಪಿಸಬೇಡ.

ಹೇಳಲು ನಾಚಿಕೆಯಾಗುತ್ತದೆ, ಬೈತಾರೆ ಅಂತ ಹೆದರಿಕೆಯೇ? ಬೈದರೆ ಬೈಸಿಕೊಂಡು ಬಾ. ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಡಬ್ಬಿಯನ್ನೇ ಬ್ಯಾಗಿಗೆ ಹಾಕಿಕೋ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ 'ಔಷಧಿಯಾಗಿ ಬಳಸಲು ಅಲ್ಲ' ಎಂದು ಇಂಗ್ಲಿಷಿನಲ್ಲಿದೆ ನೋಡು, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರೂ ಇದೆ. ಅಂದರೆ ಅದನ್ನು ಮಾರುತ್ತಿರುವುದು ಆಹಾರದ ಲೆಕ್ಕದಲ್ಲಿ. ಅದನ್ನೂ ಡಾಕ್ಟರಿಗೆ ತೋರಿಸು.

ಈ ಶನಿವಾರವೇ ಹೋಗಲು ಆಗುತ್ತದಾ? ಹೋಗಿ ಬಂದು ಫೋನ್ ಮಾಡು. ಹಗಲು ತೋಟದಲ್ಲಿ ರೇಂಜ್ ಸಿಗುವುದಿಲ್ಲ, ರಾತ್ರಿ ಎಂಟರ ಮೇಲೆ ಮಾಡು.

ನಿನ್ನ
ದೊಡ್ಡಮ್ಮ