ಹುಲಿ-ಕುರಿ ಆಟವನ್ನು ಆಡುವಂತೆ ಬರೆದಿಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ನಮ್ಮ ಹಳ್ಳಿಯಾಟಗಳ ಬಗ್ಗೆ ಪತ್ರಿಕೆಗಳಲ್ಲಿ ಬರಹಗಳು ಬರುತ್ತವೆ. ಆದರೆ ಅವು ಆಟ ಮರೆಯಾಗುತ್ತಿದೆಯೆಂದು ಮರುಗುತ್ತವೆಯೇ ಹೊರತು, ಓದಿದ ಮಕ್ಕಳು ಅಲ್ಲೇ ಗೆರೆ ಎಳೆದು ಆಡಲು ಕೂರುವಷ್ಟು ವಿವರ ಕೊಡುವುದಿಲ್ಲ. ಇದಕ್ಕೆ ಒಳ್ಳೆಯ ಮಾದರಿಯೆಂದರೆ, ಜಪಾನಿನ ‘ಗೋ’ ಆಟವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿ ಆರ್ಥರ್ ಸ್ಮಿತ್ 1908ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟಿಸಿದ ಪುಸ್ತಕ.

ಅಡ್ಡ 19, ಉದ್ದ 19 ಗೆರೆಗಳು ಕೂಡುವ 361 ಸಂಧಿಗಳಲ್ಲಿ ಕಪ್ಪು, ಬಿಳಿ ಕಾಯಿಗಳನ್ನಿಟ್ಟು ಜಾಗ ಹಿಡಿಯುವ, ಎದುರಾಳಿಯ ಕಾಯಿಗಳನ್ನು ಸುತ್ತುಗಟ್ಟಿ ಎತ್ತುವ ಆಟವಿದು. ಸ್ಮಿತ್ ನಿಯಮಗಳನ್ನು ಹೇಳಿ ಕೈತೊಳೆದುಕೊಳ್ಳಲಿಲ್ಲ. ಆಟದ ಇತಿಹಾಸ, ಆರಂಭದ ನಡೆಗಳು, ಕೊನೆಯ ಹಂತದ ಲೆಕ್ಕ, ಬಿಡಿಸಬೇಕಾದ ಸಮಸ್ಯೆಗಳು, ಇವೆಲ್ಲದರ ಜೊತೆಗೆ ಪೂರ್ತಿ ಆಡಿದ ಪಂದ್ಯಗಳನ್ನೂ ಚಿತ್ರಸಹಿತ ಕೊಟ್ಟರು. ಕಾಯಿ ಇಟ್ಟಾಗ ಸದ್ದು ಚೆನ್ನಾಗಿ ಬರಲೆಂದು ಮರದ ಮಣೆಯ ತಳದಲ್ಲಿ ಚೌಕಾಕಾರದ ಗುಳಿ ಕೊರೆಯುತ್ತಾರೆಂಬುದನ್ನು ಸಹ ಅವರು ಬಿಟ್ಟಿಲ್ಲ. ಇಷ್ಟಾಗಿಯೂ ಈ ತಿಳಿವಳಿಕೆ ಅವರೊಬ್ಬರದೇ ಅಲ್ಲ. ಜಪಾನಿನಲ್ಲಿದ್ದ ರಸಾಯನತಜ್ಞ ಆಸ್ಕರ್ ಕೊರ್ಶೆಲ್ಟ್, ಮುರಾಸೆ ಶೂಹೊ ಎಂಬ ದೊಡ್ಡ ಆಟಗಾರರ ಬಳಿ ಕಲಿತು, 1880ರ ಸುಮಾರಿಗೇ ಜರ್ಮನ್ ಭಾಷೆಯಲ್ಲಿ ಬರೆದಿದ್ದರು. ಸ್ಮಿತ್ ಆ ಬರಹವನ್ನು ಹೆಸರಿಸಿಯೇ ಬಳಸಿಕೊಂಡರು. ಬಲ್ಲವರ ಎದುರು ಕೂತು ಕಲಿತದ್ದು ಹೀಗೆ ಕೈಯಿಂದ ಕೈಗೆ ದಾಟಿದ್ದರಿಂದಲೇ ಆ ಪುಸ್ತಕಕ್ಕೆ ಗಟ್ಟಿತನ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಹುಲಿ-ಕುರಿ ಆಟವೂ ಸುತ್ತುಗಟ್ಟುವ ಆಟವೇ. ಹುಲಿ ಹಾರಿ ಕುರಿಯನ್ನು ಹೊಡೆಯುತ್ತದೆ. ಕುರಿಗಳು ಒತ್ತೊತ್ತಾಗಿ ನಿಂತು ಹುಲಿಗೆ ದಾರಿಯಿಲ್ಲದಂತೆ ಮಾಡುತ್ತವೆ. ಆದರೆ ಹುಲಿ ಎಷ್ಟು, ಕುರಿ ಎಷ್ಟು, ಎಲ್ಲ ಕುರಿಗಳನ್ನೂ ಇಟ್ಟು ಮುಗಿಸುವ ಮೊದಲೇ ಒಂದನ್ನು ನಡೆಸಬಹುದೇ ಎಂಬುದು ಊರಿಂದ ಊರಿಗೆ ಬೇರೆ. ಈ ಭೇದಗಳನ್ನು ಅಳಿಸಿ ಒಂದೇ ನಿಯಮ ಮಾಡುವುದು ಸಲ್ಲದು. ಆಯಾ ಊರಿನ ಹೆಸರಿನಲ್ಲೇ ಅವು ದಾಖಲಾಗಬೇಕು. ಅಳಗುಳಿಮಣೆ, ಚೌಕಾಬಾರಾಗಳಿಗೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಓದುಗರಿಂದ ತಮ್ಮೂರಿನ ಆಟದ ಮಣೆಯ ಚಿತ್ರ, ನಿಯಮ ಹಾಗೂ ಮೊದಲ ನಡೆಯಿಂದ ಕೊನೆಯವರೆಗೆ ಬರೆದ ಒಂದು ಪೂರ್ತಿ ಆಟವನ್ನು ತರಿಸಿಕೊಂಡು, ಕಲಿಸಿದ ಹಿರಿಯರ ಒಪ್ಪಿಗೆ ಪಡೆದು ಅವರ ಹೆಸರಿನೊಂದಿಗೆ, ವಾರಕ್ಕೊಂದರಂತೆ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಬಾಗಲಕೋಟೆ