ನೈಟ್ ಶಿಫ್ಟಿಗೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ಬ್ಯಾಗು ಎತ್ತಿಕೊಂಡು ನೀನು ಮೆಟ್ಟಿಲಿಳಿಯುವಾಗ ನಾನು ಅಡುಗೆಮನೆಯಲ್ಲೇ ನಿಂತಿದ್ದೆ. ಬೇಕಂತಲೇ. ಕೋಲಾರದ ಹತ್ತಿರದ ನರಸಾಪುರ ತಲುಪಿದೆ ಅಂತ ನಿಮ್ಮಪ್ಪನ ಫೋನಿಗೆ ಮೆಸೇಜ್ ಬಂತು, ನನಗೆ ಬರಲಿಲ್ಲ. ಇರಲಿ. ಭಾನುವಾರ ಯಾರು ಏನಂದೆವು ಅನ್ನೋದು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯೋದಿಲ್ಲ.

ನಿನ್ನ ಒಂದು ಮಾತು ಮಾತ್ರ ಬಿಡುತ್ತಿಲ್ಲ. "ಸರ್ಕಾರ ಬೇಡ ಅಂದ್ರೂ ಅಷ್ಟೇ, ನೀನು ಬೇಡ ಅಂದ್ರೂ ಅಷ್ಟೇ. ನನ್ನ ರಾತ್ರಿ ನನ್ನದು." ಇದಕ್ಕೆ ಲಿಬರ್ಟೇರಿಯನ್ ಅಂತ ಹೆಸರೂ ಹೇಳಿದೆ, ಅವರವರ ಬದುಕು ಅವರವರದು, ಸರ್ಕಾರ ಕೈ ಹಾಕಬಾರದು ಅನ್ನುವವರಂತೆ. ಮರೆಯಬಾರದು ಅಂತ ಕರೆಂಟ್ ಬಿಲ್ಲಿನ ಹಿಂದೆ ಬರೆದಿಟ್ಟಿದ್ದೇನೆ.

ನಾನು ಪೀಣ್ಯದಲ್ಲಿ ಕಾಯಿಲ್ ಸುತ್ತುತ್ತಿದ್ದದ್ದು ನಿನಗೆ ಗೊತ್ತು. 1997ರ ಕತೆ ಹೇಳಿಲ್ಲ. ಲೈನಿಗೆ ಹೊಸ ಹುಡುಗನೊಬ್ಬ ಬಂದ. ತಂತಿ ಎಷ್ಟು ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು, ಎಲ್ಲ ನಾನೇ ಕಲಿಸಿದೆ. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ ತಂತಿ ತುಂಡು ಮಾಡುತ್ತಿದ್ದ. ಒಂದೂವರೆ ವರ್ಷಕ್ಕೆ ಅವನೇ ಶಿಫ್ಟ್ ಇನ್‌ಚಾರ್ಜ್. ಇನ್‌ಚಾರ್ಜ್ ಆಗಬೇಕಾದರೆ ಮೂರೂ ಶಿಫ್ಟ್ ಮಾಡಬೇಕು. ಹೆಂಗಸರನ್ನು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ದುಡಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು, 66ನೇ ಸೆಕ್ಷನ್. ಮ್ಯಾನೇಜರ್ ಒಳ್ಳೆಯವರೇ. "ನಿಮ್ಮ ಒಳ್ಳೇದಕ್ಕೇ ಅಲ್ವಾಮ್ಮ ಕಾನೂನು ಮಾಡಿರೋದು" ಅಂದರು. ಮಾರನೇ ದಿನದಿಂದ ನಾನು ಸುತ್ತಿದ ಕಾಯಿಲಿಗೆ ಅವನ ಸಹಿ. 11 ವರ್ಷ. ಸಹಿಯ ಕೊನೆಗೆ ಒಂದು ಬಾಲ ಎಳೆಯುತ್ತಿದ್ದ. ಈಗಲೂ ಕಣ್ಣು ಮುಚ್ಚಿಕೊಂಡೇ ಬರೆದು ತೋರಿಸುತ್ತೇನೆ, ಆ ಬಾಲದ ಸಮೇತ. ಹುಡುಗನದು ತಪ್ಪೇನಿಲ್ಲ, ಪಾಪ. ಆದರೂ ಆ ಬಾಲ.

ಇಷ್ಟೆಲ್ಲ ಉಂಡ ನಾನೇ ಭಾನುವಾರ "ಹೆಣ್ಣುಮಕ್ಕಳಿಗೆ ನೈಟ್ ಶಿಫ್ಟ್ ಯಾಕೆ" ಅಂದೆ. ಆ ಮ್ಯಾನೇಜರ್ ದನಿಯಲ್ಲೇ ಅಂದೆ. ತಪ್ಪಾಯ್ತು ಕಣೇ.

ಆ ಸೆಕ್ಷನ್ ಸಂವಿಧಾನಕ್ಕೆ ವಿರುದ್ಧ ಅಂತ ಮದ್ರಾಸ್ ಹೈಕೋರ್ಟು 2000ದಲ್ಲೇ ಹೇಳಿತ್ತಂತೆ. ನಮ್ಮ ರಾಜ್ಯದಲ್ಲಿ ಎಲ್ಲ ಫ್ಯಾಕ್ಟರಿಗಳಿಗೂ ರಾತ್ರಿ ಬಾಗಿಲು ತೆರೆದದ್ದು 2019ರಲ್ಲಿ. ಕಾಪಾಡುತ್ತೇನೆ ಅಂತ ಹೊರಗಿಂದ ಚಿಲಕ ಹಾಕುವುದು ಬೇಡ ಅನ್ನುವ ನಿನ್ನ ವಾದ ಒಪ್ಪಿದೆ. ಆದರೆ ನೀನು ಅಲ್ಲಿಗೆ ನಿಲ್ಲಲಿಲ್ಲ. ಕೂಲಿ, ರಜೆ, ಹೆರಿಗೆ, ಯಾವುದರಲ್ಲೂ ಸರ್ಕಾರ ಕೈ ಹಾಕಬಾರದು ಅಂದೆ. 26 ವಾರದ ಹೆರಿಗೆ ರಜೆಯ ಸಂಬಳ ಕಂಪನಿಯೇ ಕೊಡಬೇಕಾದರೆ ಹೆಂಗಸರನ್ನು ಸೇರಿಸಿಕೊಳ್ಳೋಕೇ ಹಿಂದೆಮುಂದೆ ನೋಡುತ್ತಾರೆ ಅಂದೆ. ಇರಬಹುದು. ನೀನು ಹುಟ್ಟಿದಾಗ ನನಗೆ ಸಿಕ್ಕಿದ್ದು 12 ವಾರ, ಇಎಸ್‌ಐ ಅನ್ನುವ ಕಾರ್ಮಿಕರ ವಿಮೆಯ ದುಡ್ಡು. ಆ ದುಡ್ಡಿಲ್ಲದಿದ್ದರೆ ಬಾಣಂತನ ಹೇಗೆ ಆಗುತ್ತಿತ್ತೋ. ನನ್ನನ್ನು ತಡೆದದ್ದೂ ಕಾನೂನೇ, ನಿನಗೆ ಹಾಲು ಕುಡಿಸಿದ್ದೂ ಕಾನೂನೇ.

ಇನ್ನೊಂದು. 2023ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ತಿದ್ದಿದರು, ಕಾರ್ಮಿಕರು ಒಪ್ಪಿ ಬರೆದುಕೊಟ್ಟರೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂತ. ಒಪ್ಪಿಗೆ ಅಂದರೆ ನಿನಗೆ ಸ್ವಾತಂತ್ರ್ಯ. ನಾನು ನೋಡಿದ ಒಪ್ಪಿಗೆ ಏನು ಗೊತ್ತಾ? ಸೂಪರ್‌ವೈಸರ್ ಕಾಗದ ಇಟ್ಟು, ಪೆನ್ನನ್ನೂ ತಾನೇ ಕೊಟ್ಟು, ಪಕ್ಕದಲ್ಲೇ ನಿಂತಿರುತ್ತಾನೆ. ನೀನು ಇಂಜಿನಿಯರ್, ಆಗಲ್ಲ ಅಂತ ಪೆನ್ನು ವಾಪಸ್ ಕೊಡಬಹುದು. ನಿನ್ನ ಲೈನಿನ ಹುಡುಗಿಯರು ಪಿಜಿ ಬಾಡಿಗೆ ಕಟ್ಟಬೇಕು, ಊರಿಗೂ ಕಳಿಸಬೇಕು. ಅವರ ಸಹಿ ನಿನ್ನ ಟೇಬಲ್ಲಿಗೆ ಬಂದರೆ ಒಂದು ಸಲ ಕೇಳು. ನೋಡು, ಬುದ್ಧಿ ಹೇಳಬಾರದು ಅಂತ ಕೂತವಳು ಎಲ್ಲಿಗೆ ಬಂದೆ! ಕ್ಯಾಬ್ ನಂಬರ್ ಮಾತ್ರ ಕಳಿಸು. ಅನುಮತಿಗಲ್ಲ, ನನಗೆ ನಿದ್ದೆ ಬರಲಿ ಅಂತ.

ನಿಮ್ಮಪ್ಪನಿಗೆ ನೈಟ್ ಶಿಫ್ಟ್ ಇದ್ದ ವಾರ ನಾನು ಡ್ಯೂಟಿಗೆ ಹೊರಡುವ ಮುಂಚೆ ರೂಮಿನ ಕಿಟಕಿಗೆ ನೀಲಿ ಬೆಡ್‌ಶೀಟು ಕಟ್ಟುತ್ತಿದ್ದೆ. ಅವರು ಬರುವ ಮುಂಚೆಯೇ ಕುಕ್ಕರ್ ಕೂಗಿರಬೇಕು. ನಿನ್ನನ್ನು ಪಕ್ಕದ ಮನೆ ಅಜ್ಜಿ ಹತ್ತಿರ ಬಿಡಬೇಕು. ಹಾಗೆ ಮಾಡು ಅಂತ ಯಾವ ಸರ್ಕಾರವೂ ಹೇಳಿರಲಿಲ್ಲ, ನಿಮ್ಮಪ್ಪನೂ ಹೇಳಿರಲಿಲ್ಲ. ನಿನ್ನ ಲೆಕ್ಕದಲ್ಲಿ ಇದನ್ನು ಯಾವ ಕಡೆ ಬರೆಯುತ್ತೀಯೋ. ನಾಳೆ ನೀನು ನೈಟ್ ಶಿಫ್ಟ್ ಮುಗಿಸಿ ಬಂದರೆ ಕುಕ್ಕರ್ ಯಾರು ಸುಮ್ಮನಿರಿಸುತ್ತಾರೆ?

ಆ ಬೆಡ್‌ಶೀಟು ಹಳೇ ಟ್ರಂಕಿನಲ್ಲಿತ್ತು. ನಿಮ್ಮಪ್ಪ ಶನಿವಾರ ಕೋಲಾರದ ಬಸ್ಸು ಹಿಡಿದು ತಂದುಕೊಡುತ್ತಾರೆ. ಎರಡು ಮೂಲೆಗೆ ದಾರ ಹೊಲಿದಿದ್ದೇನೆ. ಪಿಜಿ ಕಿಟಕಿಗೆ ಮೊಳೆ ಇದೆಯಾ ನೋಡಿ ಹೇಳು.

ಅಮ್ಮ