ಪಾಯಿಂಟ್ ಕಳಸೋಕ್ಕಿಂತ ಮೊದಲ ಇದನ್ನ ಓದ್ರಿ

ಎಲ್ಲರಿಗೂ ನಮಸ್ಕಾರ್ರಿ. ಸಿಂಗಾಪುರ ಪ್ರವಾಸದ ಮಾತು ಶುರುವಾದಾಗಿಂದ "ಕ್ರೆಡಿಟ್ ಕಾರ್ಡಿನ ಪಾಯಿಂಟ್‌ದಾಗ ಟಿಕೆಟ್ ಸಿಗ್ತದೇನು?" ಅಂತ ಭಾಳ ಮಂದಿ ಕೇಳ್ಲಕತ್ತೀರಿ. ಸಿಗ್ತದ. ಆದ್ರ ಪೂರಾ ಪುಕ್ಕಟೆ ಅಲ್ಲ. ತೆರಿಗಿ, ಏರ್‌ಪೋರ್ಟ್ ಶುಲ್ಕ ಕೈಯಿಂದಲೇ ಕಟ್ಟಬೇಕು.

ಮೊದಲ ಸೀಟು ನೋಡ್ರಿ, ಆಮ್ಯಾಲೆ ಪಾಯಿಂಟ್ ಕಳಸ್ರಿ. ಬ್ಯಾಂಕಿನಿಂದ ಏರ್‌ಲೈನ್ ಖಾತೆಗೆ ಹೋದ ಪಾಯಿಂಟ್ ಅಲ್ಲಿ 'ಮೈಲು' ಆಗ್ತಾವ, ತಿರುಗಿ ಬರೂದಿಲ್ಲ. ಅಲ್ಲೇ ಇಟ್ಟು ಕುಂತ್ರೂ ನಡಿಯೂದಿಲ್ಲ, ಸಿಂಗಾಪುರ ಏರ್‌ಲೈನ್ಸ್‌ದ ಕ್ರಿಸ್‌ಫ್ಲೈಯರ್ ಮೈಲು 36 ತಿಂಗಳಿಗೆ ಮುಗೀತಾವ. ಮೈಲಿಗಂತ ಬಿಡೋ ಸೀಟು ಕೆಲವೇ. ನಮ್ಮ ಕಲಬುರಗಿ ಶರಣಬಸವೇಶ್ವರ ಜಾತ್ರಿ ಮುಗಿಸಿ ಬ್ಯಾಸಗಿ ರಜಾಕ್ಕ ಹುಡುಕಿದ್ರ ಹ್ಯಾಂಗ ಸಿಗಬೇಕು? ತಿಂಗಳುಗಟ್ಟಲೆ ಮೊದಲ ನೋಡ್ರಿ, ತಾರೀಖು ಎರಡು ದಿನ ಹಿಂದ ಮುಂದ ಮಾಡ್ಲಿಕ್ಕೂ ತಯಾರಿರ್ರಿ.

ನಮ್ಮ ಮಂದಿದು ಇನ್ನೊಂದು ತಾಪತ್ರಯ ಅದ. ಪಾಸ್‌ಪೋರ್ಟ್‌ದಾಗ ಮನಿತನದ ಹೆಸರು, ಕಾರ್ಡಿನಾಗ ಅಪ್ಪನ ಹೆಸರಿನ ಒಂದೇ ಅಕ್ಷರ. ಏರ್‌ಲೈನ್ ಖಾತೆ ಪಾಸ್‌ಪೋರ್ಟ್‌ದಾಗ ಇದ್ದಂಗೇ ತೆಗೀರಿ.

ವಿಮಾನ ಹತ್ತೂದು ಹೈದರಾಬಾದಿನಿಂದ. ಟ್ರೇನ್ ಇಳಿದ ಮ್ಯಾಲೂ ಶಂಷಾಬಾದ್ ಏರ್‌ಪೋರ್ಟ್ ದೂರ ಅದ, ವಾಡಿ-ತಾಂಡೂರು ರೈಲು ದಾರಿ ನಂಬಿ ಕಡಿ ಗಳಿಗಿಗೆ ಹೊಂಡಬ್ಯಾಡ್ರಿ.

ತಿಂಗಳ ಬಿಲ್ ಪೂರ್ತಿ ಕಟ್ಟದವರು ಈ ಉಸಾಬರಿಗೇ ಬರಬ್ಯಾಡ್ರಿ. ಬಾಕಿ ಉಳಿದ್ರ ವರ್ಷಕ್ಕ ಶೇ. 40ರ ಆಸುಪಾಸು ಬಡ್ಡಿ ಬೀಳ್ತದ, ಯಾವ ಮೈಲೂ ಅದನ್ನ ತುಂಬೂದಿಲ್ಲ. ಸಿಂಗಾಪುರದ ಅಂಗಡ್ಯಾಗ ಕಾರ್ಡ್ ಮಷಿನ್ "ರೂಪಾಯಿದಾಗ ಕಟ್ತೀರೇನು?" ಅಂತ ಕೇಳ್ತದ, ಬ್ಯಾಡ ಅನ್ರಿ, ದರ ತುಟ್ಟಿ.

ಭಾನುವಾರ ಮುಂಜಾನೆ ಪಬ್ಲಿಕ್ ಗಾರ್ಡನ್‌ದಾಗ ವಾಕಿಂಗ್ ಆದ ಮ್ಯಾಲೆ ಕೂಡೋಣು. ಫೋನ್ ತರ್ರಿ, ಸೀಟು ಹುಡುಕೋದು ತೋರಸ್ತೀನಿ. ಒಟಿಪಿ ಮಾತ್ರ ಯಾರಿಗೂ ಹೇಳಬ್ಯಾಡ್ರಿ, ನನಗೂ.